ಎಣ್ಣೆ ಹಿಡಿಯುವ ಡಬ್ಬಿಯ ದಿಗ್ವಿಜಯ

ಡ್ಯಾರೆಲ್ ಹಗ್‌ಲಂಡನ ಕಾರಿಗೆ ಯಾವ ರೋಗವೂ ಇರಲಿಲ್ಲ. ಅವನ ಕೊರಗೇ ಅದು.

ಲೋಕದಲ್ಲಿ ಕಾರು ಕೆಮ್ಮಿದರೆ ಅದರ ಯಜಮಾನ ಕಂಗಾಲಾಗುತ್ತಾನೆ. ನಮ್ಮ ಡ್ಯಾರೆಲ್ ಮಾತ್ರ ದಿನಾ ಬೆಳಿಗ್ಗೆ ಬಾನೆಟ್ ಎತ್ತಿ, ಒಳಗೆ ಕೂರಿಸಿದ್ದ ನೀಲಿ ಬಣ್ಣದ ಪುಟ್ಟ ಡಬ್ಬಿಯ ತಳ ತಿರುಗಿಸಿ ಬಿಚ್ಚಿ, ಒಳಗೆ ಬೆರಳು ಸವರಿ, ಬೆರಳು ಒಣಗಿಯೇ ಹೊರಬಂದದ್ದನ್ನು ಕಂಡು ನಿಟ್ಟುಸಿರು ಬಿಡುತ್ತಿದ್ದ. ಆ ಡಬ್ಬಿಯ ಹೆಸರು ಆಯಿಲ್ ಕ್ಯಾಚ್ ಕ್ಯಾನ್. ಟರ್ಬೊ ಎಂಜಿನ್ನು ತನ್ನ ಹೊಟ್ಟೆಯೊಳಗಿನ ಹೊಗೆಯನ್ನು ಒಂದು ಕೊಳವೆಯಲ್ಲಿ ತಾನೇ ಮತ್ತೆ ಎಳೆದುಕೊಳ್ಳುತ್ತದಂತೆ. ಆ ಹೊಗೆಯ ಜೊತೆ ಬರುವ ಎಣ್ಣೆ ಒಳಗೆಲ್ಲ ಮಸಿಯಾಗಿ ಮೆತ್ತಿಕೊಳ್ಳುತ್ತದಂತೆ. ಕೊಳವೆಯ ನಡುವೆ ಈ ಡಬ್ಬಿ ಕೂರಿಸಿದರೆ ಎಣ್ಣೆಯನ್ನು ದಾರಿಯಲ್ಲೇ ಅಡ್ಡಗಟ್ಟಿ ಹಿಡಿಯುತ್ತದಂತೆ. (ಇಷ್ಟೊಂದು 'ಅಂತೆ' ಯಾಕೆಂದರೆ, ಇಷ್ಟನ್ನೂ ಡ್ಯಾರೆಲ್ ಕಲಿತದ್ದು ಟೋಪಿಯನ್ನು ಹಿಂದುಮುಂದಾಗಿ ಹಾಕಿಕೊಂಡು ವಿಡಿಯೊದಲ್ಲಿ ಕೂಗಾಡುವ ಒಬ್ಬ ಮಹಾತ್ಮನಿಂದ. ಅದನ್ನೂ ಪೂರ್ತಿ ನೋಡಿರಲಿಲ್ಲ. ಅರ್ಧದಲ್ಲೇ ಉತ್ಸಾಹ ಉಕ್ಕಿ ಡಬ್ಬಿ ತರಿಸಿಬಿಟ್ಟಿದ್ದ.)

"ಏನಾದ್ರೂ ಸಿಕ್ತಾ?" ಹೆಂಡತಿ ರೆನೇ ಅಡುಗೆಮನೆಯ ಬಾಗಿಲಿನಿಂದ ಕೇಳಿದಳು.

"ಇನ್ನೂ ಇಲ್ಲ."

"ಪಾಪ. ಗಾಳ ಹಾಕಿ ಕೂತಿದ್ರೂ ಇಷ್ಟು ಹೊತ್ತಿಗೆ ಒಂದು ಮೀನಾದ್ರೂ ಸಿಗ್ತಿತ್ತು."

"ಎಂಜಿನ್ ಹೊಸದು ಕಣೇ. ಆರೋಗ್ಯವಾಗಿದೆ."

"ಆರೋಗ್ಯವಾಗಿರೋದರ ಮೂಗಿಗೆ ಕರ್ಚೀಫು ಕಟ್ಟಿ ಕೂರಿಸಿದೀಯಲ್ಲ, ಅದಕ್ಕೇ ಕೇಳ್ದೆ."

ಜಗಳ ಡಬ್ಬಿಯದಲ್ಲ, ಗರಾಜಿನದು. ಉತ್ತರ ಮಿನೆಸೋಟದ ಚಳಿಗಾಲದಲ್ಲಿ ಗರಾಜು ಅಂದರೆ ಸಿಂಹಾಸನ. ಹಗ್‌ಲಂಡರ ಮನೆಯಲ್ಲಿ ಅದರಲ್ಲಿ ಒಂದೇ ಗಾಡಿಗೆ ಜಾಗ. ಒಳಗೆ ನಿಂತ ಗಾಡಿ ಬೆಚ್ಚಗೆ ನಿದ್ದೆ ಮಾಡುತ್ತದೆ. ಹೊರಗೆ ನಿಂತದ್ದಕ್ಕೆ ಎಂಜಿನ್ ಹೆಪ್ಪುಗಟ್ಟದಿರಲಿ ಎಂದು ರಾತ್ರಿಯಿಡೀ ಕರೆಂಟಿನ ವೈರು ಚುಚ್ಚಿಡಬೇಕು, ಬೆಳಿಗ್ಗೆ ಗಾಜಿನ ಮೇಲಿನ ಐಸು ಕೆರೆಯಬೇಕು. ಕೆರೆಯುವ ಭಾಗ್ಯ ರೆನೇಯದು. ಶಾಲೆಯ ಅಡುಗೆಮನೆಯಲ್ಲಿ ಅವಳಿಗೆ ಕೆಲಸ. ಬೆಳಕು ಹರಿಯುವ ಮೊದಲೇ ತನ್ನ ಹಳೆಯ ವ್ಯಾನಿನಲ್ಲಿ ಹೊರಡಬೇಕು.

"ಟರ್ಬೊ ಗಾಡಿ ಸೂಕ್ಷ್ಮ ರೆನೇ, ಚಳಿ ತಡ್ಕೊಳ್ಳಲ್ಲ."

"ನಾನೇನು ಟ್ರ್ಯಾಕ್ಟರಾ?" ಎಂದಳು ರೆನೇ. "ಸರಿ, ಪಂದ್ಯ. ಕ್ರಿಸ್‌ಮಸ್ಸಿನೊಳಗೆ ಆ ಡಬ್ಬೀಲಿ ಎಣ್ಣೆ ಬಿದ್ರೆ ಗರಾಜು ನಿಂದು. ನಾನು ತುಟಿ ಬಿಚ್ಚಲ್ಲ. ಬೀಳ್ಲಿಲ್ಲ ಅಂದ್ರೆ ನನ್ನ ವ್ಯಾನು ಒಳಗೆ, ನಿನ್ನ ಸುಕುಮಾರಿ ಹೊರಗೆ."

ಪಂದ್ಯಕ್ಕೆ ಸಾಕ್ಷಿ ರೆನೇಯ ತಮ್ಮ ಕ್ಲಿಂಟ್. ಮರ ಸಾಗಿಸುವ ಲಾರಿ ಓಡಿಸುವವನು. ಡಬ್ಬಿಯನ್ನು ಬಹಳ ಹೊತ್ತು ನೋಡಿ, "ಪರವಾಗಿಲ್ಲ ಭಾವ, ನೀಲಿ ಬಣ್ಣ ಚೆನ್ನಾಗಿ ಒಪ್ಪತ್ತೆ" ಎಂದ. (ಆ ಸೀಮೆಯ ಜನ ಬೈಯುವುದೇ ಹೀಗೆ. ಇದಕ್ಕಿಂತ ಕೆಟ್ಟ ಮಾತು ಅವರಲ್ಲಿ ಹುಟ್ಟುವುದಿಲ್ಲ.) ಆ ಮಾತು ಡ್ಯಾರೆಲ್‌ನ ಎದೆಯಲ್ಲಿ ಮುಳ್ಳಿನ ಹಾಗೆ ಉಳಿದುಬಿಟ್ಟಿತು.

ಚಳಿ ಬಂತು. ಹಾಲಿಗೆಂದು ಒಂದು ಸಲ, ಬ್ರೆಡ್ಡಿಗೆಂದು ಇನ್ನೊಂದು ಸಲ, ಸುಮ್ಮನೆ ಚರ್ಚಿನ ತನಕ ಮತ್ತೊಂದು ಸಲ ಡ್ಯಾರೆಲ್ ಕಾರು ಓಡಿಸಿದ. ಎಂಜಿನ್ನು ಬೆಚ್ಚಗಾಗುವಷ್ಟರಲ್ಲಿ ಮನೆ ಬರುತ್ತಿತ್ತು. ಕ್ರಿಸ್‌ಮಸ್ ಹತ್ತಿರವಾದಾಗ ಒಂದು ಬೆಳಿಗ್ಗೆ ಡಬ್ಬಿಯ ತಳ ಬಿಚ್ಚಿದರೆ, ಅಬ್ಬಾ, ಭಾರ! ಒಳಗೆ ಕೆನೆಗಟ್ಟಿದ ಕಂದು ದ್ರವ. ಅದನ್ನು ಎರಡೂ ಕೈಯಲ್ಲಿ ಹಿಡಿದು, ತೀರ್ಥ ತರುವ ಭಕ್ತಿಯಲ್ಲಿ, ತಿಂಡಿಯ ಮೇಜಿಗೆ ತಂದ.

"ಇದು ಎಣ್ಣೆನಾ? ಕಾಫಿಗೆ ಹಾಲು ಜಾಸ್ತಿ ಆದ ಹಾಗಿದೆ." ರೆನೇ ಮೂಗು ಮುಚ್ಚಿಕೊಂಡಳು.

"ಎಣ್ಣೆನೇ. ಸ್ವಲ್ಪ ತೇವ ಸೇರಿದೆ ಅಷ್ಟೆ."

ರೆನೇ ಕೊಟ್ಟ ಮಾತಿಗೆ ತಪ್ಪುವವಳಲ್ಲ. "ಆಯ್ತು, ಗರಾಜು ನಿಂದು. ಮೊದಲು ಆ ಹೊಲಸನ್ನ ಚೆಲ್ಲು."

"ಚೆಲ್ಲೋದಾ? ಕ್ಲಿಂಟ್ ನೋಡೋದು ಬೇಡ್ವಾ?"

ಕ್ಲಿಂಟ್ ಲಾರಿಯ ಜೊತೆ ಊರೂರು ಸುತ್ತುತ್ತಿದ್ದ. ಅವನು ಬರುವ ತನಕ ಡ್ಯಾರೆಲ್ ಆ ಅಮೃತವನ್ನು ಒಂದು ತೊಟ್ಟೂ ಕದಲಿಸದೆ ಮತ್ತೆ ಡಬ್ಬಿಯಲ್ಲೇ ಕಾಪಾಡಿದ. ಬೆಚ್ಚನೆಯ ಗರಾಜಿನಲ್ಲಿ ಅದು ದಿನದಿನಕ್ಕೂ ಏರಿತು. ಹೊರಗೆ ರೆನೇ ತುಟಿ ಬಿಚ್ಚದೆ ಐಸು ಕೆರೆದಳು. ಆ ಕರಕರ ಶಬ್ದ ಕೇಳುತ್ತ ಡ್ಯಾರೆಲ್ ಕಂಬಳಿ ಎಳೆದುಕೊಳ್ಳುತ್ತಿದ್ದ. ನಾಚಿಕೆ ಆಗುತ್ತಿರಲಿಲ್ಲವೇ ಎಂದರೆ, ಆಗುತ್ತಿತ್ತು. ಕಂಬಳಿ ದಪ್ಪವಾಗಿತ್ತು.

ಜನವರಿಯಲ್ಲಿ ಕ್ಲಿಂಟ್ ಬಂದ. ಹೆಪ್ಪುಗಟ್ಟಿದ ಸರೋವರದ ಮೇಲೆ ತನ್ನ ಮೀನು ಹಿಡಿಯುವ ಗುಡಿಸಲು ಎಳೆದು ನಿಲ್ಲಿಸಿ, ಭಾನುವಾರ ಅಕ್ಕ-ಭಾವನನ್ನು ಕರೆದ. ಗಂಡಹೆಂಡತಿ ಟರ್ಬೊ ಕಾರಿನಲ್ಲೇ ಹೋಗಿ ಐಸಿನ ಮೇಲೆ ನಿಲ್ಲಿಸಿದರು. ಡ್ಯಾರೆಲ್ ಕೂಡಲೇ ಬಾನೆಟ್ ಎತ್ತಬಹುದಿತ್ತು. ಆದರೆ ವಿಜಯವನ್ನು ಊಟದ ನಂತರ ತೋರಿಸಿದರೇ ರುಚಿ ಎಂದುಕೊಂಡ. ಗುಡಿಸಲಿನ ಒಲೆಯ ಮುಂದೆ ರೆನೇ ತಂದಿದ್ದ ಆಲೂಗಡ್ಡೆ, ಮಾಂಸ ಸೇರಿಸಿ ಬೇಯಿಸಿದ ಹಾಟ್‌ಡಿಶ್ ತಿಂದು, ಕ್ಲಿಂಟ್ ಐಸಿನಲ್ಲಿ ಕೊರೆದ ತೂತಿನಿಂದ ಎಳೆದ ಮೀನುಗಳನ್ನು ಹೊಗಳುತ್ತ ಕೂತ. ಹೊರಗೆ ಚಳಿಗಾಳಿ ಕಾರನ್ನು ಮಧ್ಯಾಹ್ನವಿಡೀ ಕೊರೆಯಿತು.

ಕೊನೆಗೆ ಬಾನೆಟ್ ಎತ್ತಿ ಡಬ್ಬಿ ತಿರುಗಿಸಿದ. ತಿರುಗಲಿಲ್ಲ. ಹಲ್ಲು ಕಚ್ಚಿ ತಿರುಗಿಸಿದ. ಊಹೂಂ.

"ಹಿಡಿಯೋ ಡಬ್ಬಿ ಅಲ್ವಾ ಭಾವ, ಗಟ್ಟಿಯಾಗೇ ಹಿಡ್ಕೊಂಡಿದೆ" ಎಂದ ಕ್ಲಿಂಟ್, ಅತ್ಯಂತ ಮರ್ಯಾದೆಯಿಂದ.

ರೆನೇ ಬೆರಳಿನಿಂದ ಡಬ್ಬಿ ತಟ್ಟಿದಳು. ಕಲ್ಲು ತಟ್ಟಿದ ಸದ್ದು. "ಒಳಗೆ ಐಸ್ ಆಗಿದೆ. ಹೊಗೆ ಹೋಗೋ ಕೊಳವೆ ಮಧ್ಯ ಐಸ್ ಗಡ್ಡೆ ಕೂತ್ರೆ ಎಂಜಿನ್ ಉಸಿರು ಬಿಡೋದು ಎಲ್ಲಿಂದ?"

"ನಿಂಗೆ ಎಂಜಿನ್ ವಿಷಯ ಗೊತ್ತಾಗಲ್ಲ, ಗಾಡಿ ಹತ್ತು" ಎಂದ ಡ್ಯಾರೆಲ್.

ಎಂಜಿನ್ನಿಗಂತೂ ಗೊತ್ತಿತ್ತು. ದಡ ದಾಟಿ ಏರು ರಸ್ತೆಯಲ್ಲಿ ಡ್ಯಾರೆಲ್ ಕೋಪಕ್ಕೆ ಕಾಲು ಒತ್ತಿದ್ದೇ ತಡ, ಬಾನೆಟ್ಟಿನೊಳಗಿಂದ 'ಢಬ್' ಅಂತು. ಹೊರಹೋಗಲು ದಾರಿ ಸಿಗದ ಹೊಗೆ, ಎಣ್ಣೆ ಅಳೆಯುವ ಕಡ್ಡಿಯನ್ನೇ ಕಿತ್ತೆಸೆದು, ಎಲ್ಲೋ ಒಂದು ಸೀಲನ್ನೂ ಒಡೆದುಕೊಂಡು ಹೊರಬಂದಿತ್ತು. ಜೊತೆಗೆ ಎಣ್ಣೆ. ಬಾನೆಟ್ಟಿಗೆ ಎಣ್ಣೆ, ಬ್ಯಾಟರಿಗೆ ಎಣ್ಣೆ, ಗಾಜಿಗೆ ಎಣ್ಣೆ, ಹಿಮದ ಮೇಲೆ ಉದ್ದಕ್ಕೂ ಎಣ್ಣೆ. ಸಾಕಷ್ಟು ಹೊಗೆಯೂ ಎದ್ದಿತು. ರೆನೇ ತನ್ನ ಕರ್ಚೀಫು ತೆಗೆದು ಅವನ ಕೈಗೆ ಕೊಟ್ಟಳು. ಅದರ ಬದಲು ಬೈದಿದ್ದರೆ ಎಷ್ಟೋ ಚೆನ್ನಾಗಿತ್ತು ಅನ್ನಿಸಿತು ಡ್ಯಾರೆಲ್‌ಗೆ.

ಹಿಂದೆಯೇ ಬಂದ ಕ್ಲಿಂಟ್ ತನ್ನ ಪಿಕಪ್ಪಿಗೆ ಸರಪಳಿ ಕಟ್ಟಿ ಕಾರನ್ನು ಮನೆಯ ಅಂಗಳಕ್ಕೆ ಎಳೆದು ತಂದ. ಡ್ಯಾರೆಲ್ ಇನ್ನೂ ಸೋತಿರಲಿಲ್ಲ. ಡಬ್ಬಿಯನ್ನು ಕೊಳವೆಯ ಸಮೇತ ಬಿಚ್ಚಿ ತಂದು ಬಟ್ಟೆ ಒಗೆಯುವ ತೊಟ್ಟಿಯ ಬಳಿ ಕರಗಿಸಿ, ಗಾಜಿನ ಜಾಡಿಗೆ ಸುರಿದ. ಮೂವರೂ ಕಾದರು. ಕಂದು ಬಣ್ಣ ಮೆಲ್ಲಗೆ ಬೇರೆಯಾಯಿತು. ರೆನೇ ಕನ್ನಡಕ ಹಾಕಿಕೊಂಡು ಬಗ್ಗಿ ನೋಡಿದಳು.

"ನೀರು."

"ಮೇಲೆ ಎಣ್ಣೆ ಇದೆಯಲ್ಲೇ!"

"ನಮ್ಮ ಶಾಲೆ ಸೂಪಿನಲ್ಲಿ ಇದಕ್ಕಿಂತ ಜಾಸ್ತಿ ತೇಲತ್ತೆ. ಕ್ಲಿಂಟ್, ವ್ಯಾನು ಒಳಗೆ ತಗೊಂಡು ಬಾ."

"ನನ್ನ ಕಾರು?"

"ಎಣ್ಣೆ ಸೋರೋದನ್ನ ಗರಾಜಿಗೆ ಬಿಡ್ತಾರಾ?"

ನಿಜ, ಸುಕುಮಾರಿ ಅಂಗಳದಲ್ಲಿ ತೊಟ್ಟು ತೊಟ್ಟಾಗಿ ಹಿಮವನ್ನು ಕಪ್ಪು ಮಾಡುತ್ತಿದ್ದಳು. ರೆನೇ ಒಳಗೆ ಹೋಗಿ, ಹಬ್ಬಕ್ಕೆ ಟರ್ಕಿ ಕೋಳಿ ಬೇಯಿಸುವ ದೊಡ್ಡ ಅಲ್ಯೂಮಿನಿಯಂ ತಟ್ಟೆ ತಂದು ಕಾಲಿನಿಂದ ಕಾರಿನಡಿಗೆ ತಳ್ಳಿದಳು. ತಟ್, ತಟ್, ತಟ್. ಅಪ್ಪಟ ಎಣ್ಣೆ.

"ನೋಡು, ಎಣ್ಣೆ ಹಿಡಿಯೋದು ಅಂದ್ರೆ ಇದು. ಕೂರಿಸಿದ ಗಳಿಗೆಯಿಂದಲೇ ಶುರು."

ಕ್ಲಿಂಟ್ ತಟ್ಟೆಯನ್ನು ಬಹಳ ಹೊತ್ತು ನೋಡಿದ. "ಪರವಾಗಿಲ್ಲ ಅಕ್ಕ, ಹೊಳಪು ಚೆನ್ನಾಗಿ ಒಪ್ಪತ್ತೆ."

ಮರುದಿನದಿಂದ ಡ್ಯಾರೆಲ್ ಕೆಲಸಕ್ಕೆ ಹೋಗುವುದು ರೆನೇಯ ಬೆಚ್ಚನೆಯ ವ್ಯಾನಿನಲ್ಲಿ, ಬೆಳಕು ಹರಿಯುವ ಮೊದಲು. ಮೊದಲ ಬೆಳಿಗ್ಗೆ ಆಕಳಿಸುತ್ತ ವ್ಯಾನಿನ ಬಾಗಿಲಿಗೆ ಕೈ ಹಾಕಿದವನನ್ನು ಅವಳು ತಡೆದಳು.

"ಮೊದಲು ಆ ತಟ್ಟೆ ಖಾಲಿ ಮಾಡು. ಚಳಿಗಾಲದಲ್ಲಿ ತುಂಬೋಕೆ ಬಿಡಬಾರದಂತೆ, ಗಡ್ಡೆ ಕಟ್ಟಿ ಎಂಜಿನ್ನೇ ಹೋಗತ್ತಂತೆ."

"ಯಾರು ಹೇಳಿದ್ದು?"

"ನಿನ್ನ ಟೋಪಿ ಮಹಾತ್ಮ" ಎಂದಳು ರೆನೇ, ವ್ಯಾನು ಚಾಲೂ ಮಾಡುತ್ತ. "ನಿನ್ನೆ ನಾನು ಕೊನೇವರೆಗೂ ನೋಡ್ದೆ."