ನಾಲ್ಕು ಪೌಂಡಿನ ಚಿಕ್ಕಪ್ಪ

ನಮ್ಮ ಚಿಕ್ಕಪ್ಪ ನಾಲ್ಕು ಪೌಂಡಿನ ಮನುಷ್ಯ. ನಗಬೇಡಿ, ಮೈತೂಕವಲ್ಲ! ಹಿಮ ಬೀಳುವ ಬೆಟ್ಟಕ್ಕೆ ಹೋಗಲಿ, ಮರಳುಗಾಡಿಗೆ ಹೋಗಲಿ, ಬಿಟ್ಟೂಬಿಡದೆ ಮಳೆ ಸುರಿಯುವ ಅಸ್ಸಾಮಿಗೆ ಹೋಗಲಿ, ಅವನ ಬಟ್ಟೆಯ ಚೀಲ ನಾಲ್ಕು ಪೌಂಡಿಗಿಂತ ಒಂದು ಕರ್ಚೀಫಿನಷ್ಟೂ ಹೆಚ್ಚು ತೂಗುವಂತಿರಲಿಲ್ಲ. ಮೊನ್ನೆ ನನ್ನ ಮೊಮ್ಮಗಳು ವಿಮಾನ ಹತ್ತುವ ಮುಂಚೆ ತನ್ನ ಚೀಲವನ್ನು ಅದೇನೋ ಕೊಕ್ಕೆಗೆ ನೇತುಹಾಕಿ, "ಅಜ್ಜೀ, ಇನ್ನೂರು ಗ್ರಾಂ ಜಾಸ್ತಿ!" ಎಂದು ಗೋಳಾಡಿದಳು. "ನಮ್ಮ ಚಿಕ್ಕಪ್ಪ ಇದ್ದಿದ್ರೆ ನಿನ್ನ ಶರ್ಟಿನ ಕಾಲರ್ ಕತ್ತರಿಸ್ತಿದ್ದ ಕಣೇ" ಎಂದೆ. ತಮಾಷೆ ಎಂದುಕೊಂಡು ನಕ್ಕು ಹೊರಟೇಹೋದಳು. ಅದಕ್ಕೇ ಅವಳೇ ಕಲಿಸಿದಂತೆ ಫೋನಿನ ಮೇಲೆ ಒಂದೇ ಬೆರಳಲ್ಲಿ ಕುಟ್ಟುತ್ತಿದ್ದೇನೆ. ತಮಾಷೆಯೋ ಅಲ್ಲವೋ ನೀವೇ ಹೇಳಿ.

ಚಿಕ್ಕಪ್ಪನ ಕೆಲಸ ತಕ್ಕಡಿ ರಿಪೇರಿ. ಅಂಗಡಿಯ ತಕ್ಕಡಿಯಲ್ಲ, ರೈಲ್ವೆ ಗೂಡ್ಸ್ ಶೆಡ್ಡುಗಳಲ್ಲಿ ಮೂಟೆ ತೂಗುವ ದೊಡ್ಡ ಯಂತ್ರಗಳು. ಯಶವಂತಪುರದ ಒಂದು ಕಂಪನಿ ಅವನನ್ನು ದೇಶದ ಮೂಲೆಮೂಲೆಗೆ ಕಳಿಸುತ್ತಿತ್ತು. ಯಂತ್ರ ಸರಿಯಾಗಿ ತೂಗುತ್ತದೆಯೇ ಎಂದು ನೋಡಲು ಕಬ್ಬಿಣದ ತೂಕದ ಬೊಟ್ಟುಗಳಿದ್ದ ಒಂದು ಮರದ ಪೆಟ್ಟಿಗೆಯನ್ನು ಹೊತ್ತುಕೊಂಡೇ ಹೋಗಬೇಕು. ಅದನ್ನು ಎತ್ತಿದರೆ ಎತ್ತಿಗೂ ಸೊಂಟ ಹಿಡಿಯಬೇಕು! ಪೆಟ್ಟಿಗೆ ಹಗುರವಾಗುವುದಿಲ್ಲ, ಆದ್ದರಿಂದ ಬಟ್ಟೆ ಹಗುರವಾಗಬೇಕು. ಇದು ಅವನ ಲೆಕ್ಕ.

ಹೊರಡುವ ಹಿಂದಿನ ದಿನ ಯಲಹಂಕ ಪೇಟೆಯ ನಮ್ಮ ಮನೆಯ ಪಡಸಾಲೆಯಲ್ಲಿ ತೊಲೆಗೆ ಹಿತ್ತಾಳೆಯ ತಕ್ಕಡಿ ನೇತಾಡುತ್ತಿತ್ತು. ಮೊದಲು ಒಂದು ಶಾಸ್ತ್ರ. ಬರಿಯ ತಕ್ಕಡಿಯ ಮುಂದೆ ನನ್ನನ್ನು ನಿಲ್ಲಿಸಿ, "ನೋಡು ಮಗಳೇ, ಏನೂ ಇಲ್ದೇ ಇದ್ದಾಗ ಯಾವ್ದು ನೆಟ್ಟಗೆ ನಿಲ್ಲುತ್ತೋ ಅದು ಮಾತ್ರ ನಿಜ ಹೇಳುತ್ತೆ" ಎನ್ನುತ್ತಿದ್ದ. ಎರಡೂ ತಟ್ಟೆ ಸಮನಾಗಿವೆ ಎಂದು ನಾನು ತಲೆಯಾಡಿಸಬೇಕು. ಆಮೇಲೆ ಒಂದು ಕಡೆ ನಾಲ್ಕು ಪೌಂಡಿನ ಬೊಟ್ಟು, ಇನ್ನೊಂದು ಕಡೆ ಚೀಲ. ಚೀಲದಲ್ಲಿ ಒಂದು ಪಂಚೆ, ಒಂದು ಪೈಜಾಮ, ಎರಡು ಜುಬ್ಬ, ಎರಡು ಬನಿಯನ್ನು, ಒಂದು ಟವಲು. ಮುಗಿಯಿತು!

ತೂಕ ಒಂದಿಷ್ಟು ಹೆಚ್ಚಾಯಿತೋ, ಕತ್ತರಿ ಬರುತ್ತಿತ್ತು. ಜುಬ್ಬದ ಜೇಬು ಹೋಯಿತು ("ಇಡೋಕೆ ಏನಿದೆ?"), ಕಾಲರು ಹೋಯಿತು, ಟವಲಿನ ಒಂದು ತುದಿ ಹೋಯಿತು. ಬಾಚಣಿಗೆಯನ್ನು ಗರಗಸದಲ್ಲಿ ಅರ್ಧ ಮಾಡಿದ. "ಇನ್ನರ್ಧ ತಲೆ?" ಎಂದು ಕೇಳಿದ್ದಕ್ಕೆ, "ಅದನ್ನ ಬರುವಾಗ ಬಾಚ್ಕೋತೀನಿ" ಎಂದ.

"ಚಳಿಯಾದ್ರೆ ಏನ್ ಮಾಡ್ತೀಯ ಚಿಕ್ಕಪ್ಪ?"

"ಇರೋದೆಲ್ಲಾ ಹಾಕ್ಕೋತೀನಿ."

"ಸೆಕೆಯಾದ್ರೆ?"

"ಇರೋದೆಲ್ಲಾ ತೆಗೀತೀನಿ."

"ಎಲ್ಲಾನೂ?"

"ತೂಕ ನೋಡೋಕೆ ಬಂದೋನ ಮೈ ಯಾರು ನೋಡ್ತಾರೆ, ಹೋಗೇ!"

ಒಂದು ಸಲ ಚಳಿಗೆ ಬನಿಯನ್ನಿನೊಳಗೆ ಪತ್ರಿಕೆಯ ಹಾಳೆಗಳನ್ನು ಸುತ್ತಿಕೊಂಡಿದ್ದನಂತೆ. ಊರಿಗೆ ಬಂದು ಬನಿಯನ್ ಬಿಚ್ಚಿದರೆ ಬೆನ್ನ ತುಂಬ ಹಿಂದಿ ಅಕ್ಷರ, ತಿರುಗುಮುರುಗಾಗಿ! ಪಕ್ಕದ ಮನೆಯ ಮೇಷ್ಟರು ಕನ್ನಡಿ ಹಿಡಿದು ಓದಿ, "ಇದು ಮೂಲವ್ಯಾಧಿ ಮುಲಾಮಿನ ಜಾಹೀರಾತು ಕಣ್ರೀ" ಎಂದರು. ಚಿಕ್ಕಪ್ಪ ಒಂದು ವಾರ ಬೀದಿ ಕಡೆ ಬೆನ್ನು ಹಾಕಲಿಲ್ಲ.

ಇಷ್ಟೆಲ್ಲ ನಗುವಿನ ಕೆಳಗೆ ಒಂದು ಹೆಣ ಇತ್ತು. ಅದನ್ನೂ ಹೇಳಿಬಿಡುತ್ತೇನೆ.

ಆ ಕಂಪನಿಯಲ್ಲಿ ಮೊದಲು ಕೆಲಸಕ್ಕೆ ಸೇರಿದವನು ನಮ್ಮಪ್ಪ. ತಮ್ಮನನ್ನೂ ಅವನೇ ಸೇರಿಸಿದ. ಚಿಕ್ಕಪ್ಪನ ಮದುವೆಯಾದ ವರ್ಷ ಡಿಸೆಂಬರಿನಲ್ಲಿ ಇಬ್ಬರೂ ಒಟ್ಟಿಗೆ ಉತ್ತರಕ್ಕೆ ಹೊರಟರು. ಚಿಕ್ಕಮ್ಮ ಯಲಹಂಕದ ಪಕ್ಕದ ಹಳ್ಳಿ ಸಿಂಗಾಪುರದ ಹೊಲಮನೆಯವಳು, ಹೊಸ ಸೊಸೆ. ಗಂಡನಿಗೂ ಭಾವನಿಗೂ ಚಳಿಯಾಗಬಾರದೆಂದು ಕಂಬಳಿ, ಕೋಟು, ಸ್ವೆಟರು ಎಲ್ಲವನ್ನೂ ಒಂದೇ ಹೋಲ್ಡಾಲಿನಲ್ಲಿ ಸುತ್ತಿ, ಮಂಡಿಯೂರಿ ಬೆಲ್ಟು ಬಿಗಿದಳು. ದಾರಿಯಲ್ಲಿ ಯಾವುದೋ ದೊಡ್ಡ ಜಂಕ್ಷನ್ನಿನಲ್ಲಿ ಗಾಡಿ ಬದಲಿಸಬೇಕಿತ್ತು. ತಮ್ಮನ ಹೆಗಲ ಮೇಲೆ ಬೊಟ್ಟಿನ ಪೆಟ್ಟಿಗೆ, ಅಪ್ಪನ ಹೆಗಲ ಮೇಲೆ ಹೋಲ್ಡಾಲು. ಸೇತುವೆಯ ಮೆಟ್ಟಿಲನ್ನು ಓಡುತ್ತಾ ಹತ್ತಿದರು. ಮೇಲೆ ಹೋದ ಮೇಲೆ ಅಪ್ಪ ಹೋಲ್ಡಾಲನ್ನು ಇಳಿಸಿ ಅದರ ಮೇಲೆ ಕುಳಿತ. "ಅಣ್ಣಾ, ಗಾಡಿ ಬಿಡ್ತಾವ್ರೆ, ಏಳು" ಎಂದು ಚಿಕ್ಕಪ್ಪ ಮೂರು ಸಲ ಕರೆದನಂತೆ. ಗಾಡಿ ಹೋಯಿತು. ಅಪ್ಪ ಏಳಲಿಲ್ಲ.

ಅವತ್ತಿನಿಂದ ನಮ್ಮ ಮನೆಯಲ್ಲಿ ಎರಡು ಮತ. ಚಿಕ್ಕಮ್ಮ ಹೇಳುವುದು, "ಬರೀ ಅಂಗೀಲಿ ಓಗಿದ್ರು, ಉಣ್ಣೆ ಎಲ್ಲಾ ಸುತ್ತಿಟ್ಟಂಗೇ ಇತ್ತು. ಮೈಮ್ಯಾಲೆ ಇದ್ದಿದ್ರೆ ಬದುಕ್ತಿದ್ರು." ಚಿಕ್ಕಪ್ಪ ಹೇಳುವುದು, "ಉಣ್ಣೆ ಹೆಗಲ ಮೇಲಿತ್ತು, ಅದಕ್ಕೇ ಹೋದ." ಒಬ್ಬರಿಗೆ ಚಳಿಯ ಭಯ, ಇನ್ನೊಬ್ಬರಿಗೆ ಭಾರದ ಭಯ. ನಮ್ಮವ್ವ ಇಬ್ಬರ ಮಾತನ್ನೂ ಕೇಳುತ್ತಾ ರಾಗಿ ಬೀಸುತ್ತಿದ್ದಳು.

ಅಪ್ಪನ ಸ್ವೆಟರು ಮನೆಗೆ ವಾಪಸು ಬಂದಿತ್ತು. ಎರಡು ವರ್ಷವಾದ ಮೇಲೆ ಅವ್ವನೇ ಅದನ್ನು ಎಳೆ ಎಳೆಯಾಗಿ ಬಿಚ್ಚಿ ಉಂಡೆ ಮಾಡಿ, "ನಿನ್ನ ಗಂಡನಿಗೆ ಹಾಕು" ಎಂದು ಚಿಕ್ಕಮ್ಮನ ಮಡಿಲಿಗೆ ಹಾಕಿದಳು. ಚಿಕ್ಕಮ್ಮ ಶಾಲೆಯ ಟೀಚರಮ್ಮನ ಹತ್ತಿರ ಕಡ್ಡಿ ಹಿಡಿಯುವುದನ್ನು ಕಲಿತು ಹೆಣೆದಳು. ಅಪ್ಪ ದೊಡ್ಡಾಳು, ಚಿಕ್ಕಪ್ಪ ಜಾಲಿಕಡ್ಡಿ. ಮಿಕ್ಕ ಉಣ್ಣೆಯಲ್ಲಿ ನನಗೊಂದು ಟೋಪಿಯೂ ಆಯಿತು!

ಸ್ವೆಟರನ್ನು ಮುಂದೆ ಹಿಡಿದಾಗ ಚಿಕ್ಕಪ್ಪ ಅದನ್ನು ಮುಟ್ಟಲಿಲ್ಲ. "ಮುಕ್ಕಾಲು ಪೌಂಡ್ ಇದೆ, ಆಗಲ್ಲ" ಎಂದ. ಕೈಯಲ್ಲಿ ಹಿಡಿಯದೆ ತೂಕ ಹೇಳಿದ್ದನ್ನು ನಾನು ನೋಡಿದ್ದು ಅದೊಂದೇ ಸಲ.

ಚಿಕ್ಕಮ್ಮ ಗಂಡನ ಜೊತೆ ನೇರವಾಗಿ ಜಗಳ ಆಡುವವಳಲ್ಲ. ಎಲ್ಲವೂ ನನ್ನ ಮೂಲಕ.

"ನಿಮ್ಮ ಚಿಕ್ಕಪ್ಪಂಗೆ ಯೋಳೇ, ಅಲ್ಲಿ ಐಸು ಬೀಳ್ತದಂತೆ."

"ನಿಮ್ಮ ಚಿಕ್ಕಮ್ಮಂಗೆ ಹೇಳು, ಐಸಿಗೆ ನನ್ನ ಪರಿಚಯ ಇದೆ."

"ಸತ್ರೆ ನಾನೇನ್ ಮಾಡ್ಲಿ ಅಂತ ಕೇಳೇ."

"ನಾಲ್ಕು ಪೌಂಡ್ ಬಟ್ಟೆ ಇರೋನು ಸತ್ರೆ ಒಗೆಯೋ ಕೆಲ್ಸ ಕಮ್ಮಿ ಅಂತ ಹೇಳು."

ನಾನು ಎರಡನ್ನೂ ಹೇಳದೆ ನಡುವೆ ನಿಂತು ಕಡಲೆಕಾಯಿ ತಿನ್ನುತ್ತಿದ್ದೆ.

ಆಮೇಲೆ ಕಳ್ಳಸಾಗಣೆ ಶುರುವಾಯಿತು. ಮೊದಲ ಸಲ ಚೀಲದ ತಳದಲ್ಲಿ ಸ್ವೆಟರು ಇಟ್ಟಳು. ತಕ್ಕಡಿ ಧೊಪ್ಪನೆ ಕುಸಿಯಿತು, ಸಿಕ್ಕಿಬಿದ್ದಳು. ಎರಡನೆಯ ಸಲ ನಾನು ಉಪಾಯ ಹೇಳಿಕೊಟ್ಟೆ. ಎಂಥ ಬುದ್ಧಿ ನೋಡಿ! ಸ್ವೆಟರಿನಷ್ಟೇ ತೂಕದ ಬಟ್ಟೆಯನ್ನು ತೆಗೆದುಬಿಟ್ಟರೆ? ಪೈಜಾಮ ತೆಗೆದೆವು. ಸಾಲದೆ ಒಂದು ಜುಬ್ಬವನ್ನೂ ತೆಗೆದೆವು. ತಕ್ಕಡಿ ನೆಟ್ಟಗೆ ನಿಂತಿತು. ಚಿಕ್ಕಪ್ಪ ಸಿಮ್ಲಾಕ್ಕೆ ಹೋದ.

ಅಲ್ಲಿ ಉಟ್ಟಿದ್ದ ಪಂಚೆಯೂ ಚೀಲದಲ್ಲಿದ್ದ ಪಂಚೆಯೂ ಒಂದಾದ ಮೇಲೊಂದು ಹಿಮದಲ್ಲಿ ನೆಂದು ತೊಪ್ಪೆಯಾಗಿ, ವಿಶ್ರಾಂತಿ ಕೋಣೆಯ ಒಲೆಯ ಮುಂದೆ ಒಣಹಾಕಿದನಂತೆ. ಪೈಜಾಮಕ್ಕೆಂದು ಚೀಲಕ್ಕೆ ಕೈ ಹಾಕಿದರೆ ಬಂದದ್ದು ಸ್ವೆಟರು. ಪಾಪ, ಏನು ಮಾಡಿಯಾನು? ತೋಳುಗಳೊಳಗೆ ಕಾಲು ತೂರಿಸಿದ. ಕತ್ತಿನ ತೂತು ಎಲ್ಲಿ ಬಂತು ಎಂದು ನಾನು ಬರೆಯುವುದಿಲ್ಲ, ವಯಸ್ಸಾದವಳು! ಅಷ್ಟರಲ್ಲಿ ಸ್ಟೇಷನ್ ಮಾಸ್ತರರು ಹೆಂಡತಿ ಸಮೇತ ಚಹಾ ತಂದರಂತೆ.

"ಎದ್ದು ನಮಸ್ಕಾರ ಮಾಡಿದ್ಯಾ ಚಿಕ್ಕಪ್ಪ?"

"ಕೂತೇ ಮಾಡ್ದೆ. ಎದ್ದಿದ್ರೆ ಕೆಲ್ಸ ಹೋಗ್ತಿತ್ತು."

ಬೈಯುತ್ತಾನೆ ಎಂದು ನಾವಿಬ್ಬರೂ ಅಡುಗೆಮನೆಯ ಬಾಗಿಲ ಹಿಂದೆ ಅಡಗಿದ್ದೆವು. ಬೈಯಲಿಲ್ಲ. ಸ್ವೆಟರನ್ನು ಮಡಿಸಿ ಹೊಸ್ತಿಲ ಮೇಲಿಟ್ಟು ಹೋದ.

ಮೂರನೆಯ ಸಲ ಚಿಕ್ಕಮ್ಮ ಏನನ್ನೂ ತೆಗೆಯಲಿಲ್ಲ. ಎಲ್ಲ ಬಟ್ಟೆಯ ಕೆಳಗೆ ಸ್ವೆಟರು ಇಟ್ಟು, ದೇವರ ಗೂಡಿನ ಮುಂದೆ ನಿಂತು ಆಂಜನೇಯನಿಗೆ ಕೈಮುಗಿದಳು. "ಸಂಜೀವಿನಿ ಬೆಟ್ಟಾನೇ ಎತ್ತಿದೋನು ನೀನು, ಮುಕ್ಕಾಲು ಪೌಂಡ್ ಎತ್ತಕಿಲ್ವಾ?" ಪಡಸಾಲೆಯಲ್ಲಿ ಚಿಕ್ಕಪ್ಪ ಆಗಲೇ ತಕ್ಕಡಿ ಕಟ್ಟಿ ಬೊಟ್ಟು ಇಟ್ಟಿದ್ದ. ಚೀಲ ಇಟ್ಟ. ಚಿಕ್ಕಮ್ಮ ಸೆರಗು ಕಚ್ಚಿಕೊಂಡಳು. ತಟ್ಟೆ ಒಂದು ಸಲ ತೂಗಾಡಿ ನೆಟ್ಟಗೆ ನಿಂತಿತು!

"ನಾಲ್ಕು ಪೌಂಡ್. ಸರಿ," ಎಂದ ಚಿಕ್ಕಪ್ಪ.

ಆಂಜನೇಯನಿಗೆ ಅವತ್ತೇ ತೆಂಗಿನಕಾಯಿ ಒಡೆಯಿತು. ಆಮೇಲೆ ಪ್ರತಿ ಸಲವೂ ಸ್ವೆಟರು, ಪ್ರತಿ ಸಲವೂ ನಾಲ್ಕು ಪೌಂಡು, ಪ್ರತಿ ಸಲವೂ ಕಾಯಿ. "ಅದೇನೇ ಇದು, ನಾನು ಊರಿಗೆ ಹೊರಟಾಗ್ಲೆಲ್ಲಾ ಕಾಯಿ ಚಟ್ನಿ? ಅಷ್ಟು ಖುಷೀನಾ ನಿಮ್ಗೆ?" ಎಂದು ದೋಸೆ ಮುರಿಯುತ್ತಾ ಕೇಳುತ್ತಿದ್ದ.

ಊರಿಂದ ಬಂದ ಕೂಡಲೇ ಹೋದದ್ದೆಲ್ಲ ವಾಪಸು ಬಂದಿದೆಯೇ ಎಂದು ಮತ್ತೊಮ್ಮೆ ಚೀಲ ತೂಗುತ್ತಿದ್ದ. ಸ್ವೆಟರು ಅವಳು ಮಡಿಸಿದ ಹಾಗೇ ತಳದಲ್ಲಿರುತ್ತಿತ್ತು. ಹಿತ್ತಿಲಲ್ಲಿ ಚಿಕ್ಕಮ್ಮ ಅದನ್ನು ಅಂಟುವಾಳದ ನೀರಿನಲ್ಲಿ ಅದ್ದಿದರೆ ರೈಲಿನ ಇದ್ದಿಲ ಮಸಿ ಬಿಟ್ಟು ನೀರೆಲ್ಲ ಕಪ್ಪಾಗುತ್ತಿತ್ತು. "ನೋಡ್ದಾ? ಆಕ್ಕೊಂಡವ್ರೆ" ಎಂದು ನನಗೆ ಕಣ್ಣು ಹೊಡೆಯುತ್ತಿದ್ದಳು. ಹಾಕಿಕೊಂಡದ್ದನ್ನು ಅವನು ಹೇಳಲಿಲ್ಲ, ಇಟ್ಟದ್ದನ್ನು ಇವಳು ಹೇಳಲಿಲ್ಲ.

ಹೊರಗೆ ಮಾತ್ರ ಚಿಕ್ಕಪ್ಪ ತೂಕದ ಯಮ. ಪೇಟೆಯ ಅಂಗಡಿಯೊಂದರಲ್ಲಿ ಬೇಳೆ ತರಲು ಹೋದಾಗ ತಕ್ಕಡಿಯ ತಟ್ಟೆಯನ್ನು ಹಾಗೇ ಮಗುಚಿದ. ತಳದಲ್ಲಿ ಹುಣಸೆಹಣ್ಣಿನ ಮುದ್ದೆ! "ಏನ್ ಸಾಹುಕಾರ್ರೇ, ನಿಮ್ಮ ತಕ್ಕಡಿ ಬಸುರಾ? ಹುಳಿ ಬಯಸ್ತಾ ಇದೆ?" ಎಂದ. ಇಡೀ ಬೀದಿ ನಕ್ಕಿತು. ಸುಳ್ಳು ತಕ್ಕಡಿ ಇಟ್ಟವನ ಮನೆಯಲ್ಲಿ ನೀರೂ ಕುಡಿಯಬಾರದು ಎಂದು ದಾರಿಯುದ್ದಕ್ಕೂ ನನಗೆ ಪಾಠ.

ಕೊನೆಯ ಪ್ರಯಾಣ ಮೇ ತಿಂಗಳಲ್ಲಿ, ರಾಜಸ್ಥಾನದ ಕಡೆಗೆ. ನನಗಾಗ ಹದಿನಾರು. ಚೀಲದಲ್ಲಿ ಸ್ವೆಟರು ಇತ್ತು. "ಅಲ್ಲಿ ಬೆಂಕಿ ಕಣೇ ಚಿಕ್ಕಮ್ಮ" ಎಂದೆ. "ಇರ್ಲಿ, ಜೊತೆಗಿರ್ಲಿ" ಎಂದಳು. ನಾವು ಅಷ್ಟು ವರ್ಷ ಹಿಮಕ್ಕೆ ಹೆದರಿದೆವು, ಅವನು ಭಾರಕ್ಕೆ ಹೆದರಿದ. ಅವನನ್ನು ತೆಗೆದುಕೊಂಡು ಹೋದದ್ದು ಬಿಸಿಗಾಳಿ. ಮಧ್ಯಾಹ್ನ ಯಂತ್ರದ ಪಕ್ಕದಲ್ಲೇ ಕುಸಿದನಂತೆ. ಅಷ್ಟು ದೂರದಿಂದ ಅವನನ್ನು ತರಲಾಗಲಿಲ್ಲ. ಜೊತೆಗೆ ಕೆಲಸ ಮಾಡುತ್ತಿದ್ದವರೊಬ್ಬರು ಚಿಕ್ಕಬಾಣಾವರದಲ್ಲಿದ್ದರು, ಅವರು ಒಂದು ಬೆಳಿಗ್ಗೆ ಪೆಟ್ಟಿಗೆಯನ್ನೂ ಚೀಲವನ್ನೂ ಪಡಸಾಲೆಯಲ್ಲಿಟ್ಟು, ಕಾಫಿಯನ್ನೂ ಕುಡಿಯದೆ ಹೋದರು.

ಚಿಕ್ಕಮ್ಮ ಚೀಲದ ಮುಂದೆ ತುಂಬ ಹೊತ್ತು ಕುಳಿತಿದ್ದಳು. ಬಿಚ್ಚಲಿಲ್ಲ. ಆಮೇಲೆ, "ತೂಗೇ" ಎಂದಳು. "ಅವ್ರಿದ್ದಿದ್ರೆ ಬಂದ ತಕ್ಷಣ ತೂಗ್ತಿದ್ರು."

ನಾನು ತಕ್ಕಡಿಯನ್ನು ತೊಲೆಗೆ ಕಟ್ಟಿದೆ. ಚಿಕ್ಕಪ್ಪ ಕಲಿಸಿದ ಶಾಸ್ತ್ರ ಬಿಡಬಾರದೆಂದು ಬರಿಯ ತಕ್ಕಡಿಯ ಮುಂದೆ ನಿಂತೆ.

ಅದು ನೆಟ್ಟಗೆ ನಿಲ್ಲಲಿಲ್ಲ. ಬೊಟ್ಟು ಇಡುವ ಕಡೆಯ ತಟ್ಟೆ ಕೆಳಗೆ ಕುಸಿದು ಹಾಗೇ ನಿಂತುಬಿಟ್ಟಿತು.

ಆಗ ನೆನಪಾಯಿತು. ಸಿಮ್ಲಾದಿಂದ ಬಂದ ಮೇಲೆ ಅವನು ಬರಿಯ ತಕ್ಕಡಿಯನ್ನು ನನಗೆ ಒಂದು ಸಲವೂ ತೋರಿಸಿರಲಿಲ್ಲ. ನಾವು ಪಡಸಾಲೆಗೆ ಬರುವ ಹೊತ್ತಿಗೆ ಬೊಟ್ಟು ಇಟ್ಟಾಗಿರುತ್ತಿತ್ತು. ದೊಡ್ಡವಳಾದೆ, ಅದಕ್ಕೇ ಶಾಸ್ತ್ರ ಬಿಟ್ಟ ಎಂದುಕೊಂಡಿದ್ದೆ.

ತಟ್ಟೆಯನ್ನು ಮಗುಚಿದೆ. ತಳದಲ್ಲಿ ಅರಗಿನಿಂದ ಅಂಟಿಸಿದ ಒಂದು ಸೀಸದ ಗಟ್ಟಿ. ಅರಗಿನ ಮೇಲೆ ಚಿಕ್ಕಪ್ಪನ ಹೆಬ್ಬೆಟ್ಟಿನ ಗುರುತು.

ಗಟ್ಟಿಯನ್ನು ಕಿತ್ತು ಒಂದು ತಟ್ಟೆಯಲ್ಲಿಟ್ಟೆ. ಚಿಕ್ಕಮ್ಮನೇ ಚೀಲದ ತಳಕ್ಕೆ ಕೈ ಹಾಕಿ ಸ್ವೆಟರನ್ನು ತೆಗೆದು ಇನ್ನೊಂದರಲ್ಲಿಟ್ಟಳು. ತಕ್ಕಡಿ ಒಂದು ಸಲ ತೂಗಾಡಿ ನೆಟ್ಟಗೆ ನಿಂತಿತು. ಒಂದು ಕೂದಲಷ್ಟೂ ಆಚೆ ಈಚೆ ಇಲ್ಲ.

"ಸುಮ್ನೆ ಅಷ್ಟೊಂದು ಕಾಯಿ ಒಡೆಸ್ದೆ ಕಣೇ ಆಂಜನೇಯಂಗೆ" ಎಂದಳು ಚಿಕ್ಕಮ್ಮ. ನಗುತ್ತಿದ್ದಳೋ ಅಳುತ್ತಿದ್ದಳೋ ನನಗೆ ತಿಳಿಯಲಿಲ್ಲ.

ಸ್ವಲ್ಪ ಹೊತ್ತಿನ ಮೇಲೆ ಒಲೆಯಿಂದ ಒಂದು ಕೆಂಡ ತಂದಳು. "ಎಲ್ಲಿತ್ತೋ ಅಲ್ಲೇ ಅಂಟ್ಸಿಬುಡು."

"ಯಾಕೆ ಚಿಕ್ಕಮ್ಮ?"

"ನಮಗೆ ಗೊತ್ತಾಯ್ತು ಅಂತ ಅವ್ರಿಗೆ ಗೊತ್ತಾಗಾದು ಬ್ಯಾಡ."

ಬಿಸಿಗೆ ಅರಗು ಕರಗಿತು, ಹೆಬ್ಬೆಟ್ಟಿನ ಗುರುತೂ ಕರಗತೊಡಗಿತು. ನಾನು ಕೈ ಹಿಂದಕ್ಕೆ ತೆಗೆದುಕೊಂಡೆ. ಚಿಕ್ಕಮ್ಮ ಮಾತ್ರ ಸೀಸವನ್ನು ತಟ್ಟೆಯ ತಳಕ್ಕಿಟ್ಟು, ಅವನ ಹೆಬ್ಬೆಟ್ಟು ಇದ್ದ ಜಾಗದಲ್ಲೇ ತನ್ನ ಹೆಬ್ಬೆಟ್ಟನ್ನು ಒತ್ತಿ, ಅರಗು ತಣ್ಣಗಾಗುವವರೆಗೂ ಹಾಗೇ ಹಿಡಿದುಕೊಂಡಿದ್ದಳು.