ಸಮುದ್ರದ ದಂಡೆಯಲ್ಲಿ ಜುಬೇದಾಳನ್ನು ಒಪ್ಪಿಸಿದ್ದು

ಕೂರುವುದು ಕೆಲವರಿಗೆ ಹುಟ್ಟಿನಿಂದಲೇ ಬರುತ್ತದೆ. ನಮ್ಮ ಮನೆಯವರು ಊಟ ಮುಗಿಸಿ ಜಗಲಿಯ ಕುರ್ಚಿಯಲ್ಲಿ ಕೂತರೆಂದರೆ ಅವರ ಸುತ್ತಲಿನ ನೆಲ ಗುಡಿಸಬಹುದು, ಒರೆಸಬಹುದು, ಮನಸ್ಸು ಮಾಡಿದರೆ ಗೋಡೆಗೆ ಸುಣ್ಣವನ್ನೂ ಹೊಡೆದು ಮುಗಿಸಬಹುದು; ಅವರು ಅಲ್ಲಾಡುವುದಿಲ್ಲ. ನನಗೆ ಆ ಭಾಗ್ಯವಿಲ್ಲ. ಶಾಲೆಯಲ್ಲಿ ವಿಜ್ಞಾನ ಪಾಠ ಮಾಡುವಾಗ ಕಿಟಕಿಯಿಂದ ಬಾಗಿಲಿಗೆ, ಬಾಗಿಲಿನಿಂದ ಕಿಟಕಿಗೆ ನಡೆಯುತ್ತಲೇ ಇರುತ್ತಿದ್ದೆ. ಮುಂದಿನ ಬೆಂಚಿನ ಹುಡುಗಿಯೊಬ್ಬಳು ಕುತ್ತಿಗೆ ನೋವೆಂದು ರಜೆ ಕೇಳಿದಾಗ ಅದಕ್ಕೆ ಕಾರಣ ನಾನೇ ಎಂದು ಸಹೋದ್ಯೋಗಿಗಳೆಲ್ಲ ತೀರ್ಮಾನಿಸಿದ್ದರು. ಬಸ್ಸಿಗೆ ಕಾಯುತ್ತ ನಿಲ್ಲಲಾಗದೆ ಮುಂದಿನ ನಿಲ್ದಾಣಕ್ಕೆಂದು ನಡೆದು, ಎರಡೂ ನಿಲ್ದಾಣಗಳ ನಡುವೆ ಇರುವಾಗ ಬಸ್ಸು ನನ್ನ ಪಕ್ಕದಲ್ಲೇ ಹಾದುಹೋದದ್ದು ಎಷ್ಟು ಸಲವೋ. "ಇದರ ಕಾಲಲ್ಲಿ ಚಕ್ರ ಇದ್ದು" ಎಂದು ಅತ್ತೆ ಮನೆಗೆ ಬಂದವರಿಗೆಲ್ಲ ಹೇಳುತ್ತಿದ್ದರು. ಹೊಗಳಿಕೆಯೋ ದೂರೋ ಗೊತ್ತಾಗದಂತೆ ಹೇಳುವುದು ಅವರಿಗೆ ಕರಗತವಾಗಿತ್ತು.

ನಿಜವಾದ ಚಕ್ರಗಳು ನಮ್ಮ ಮನೆಗೆ ಬಂದದ್ದು ಎರಡು ಸಾವಿರದ ಇಸವಿಯ ಆಚೀಚೆ. ಶಿರಸಿಯಲ್ಲಿ ಗೇರ್ ಸೈಕಲ್ಲುಗಳು ಆಗಿನ್ನೂ ಹೊಸತು. ಹೊಟ್ಟೆ ಕರಗಿಸಬೇಕೆಂದು ಡಾಕ್ಟರು ಹೇಳಿದ್ದರಿಂದ ನಮ್ಮ ಮನೆಯವರು ದಪ್ಪ ಟೈರಿನ, ಕೆಂಪು ಬಣ್ಣದ ಒಂದನ್ನು ತಂದರು. "ಬೆಟ್ಟ ಹತ್ತೋ ಸೈಕಲ್ಲಡ ಇದು" ಎಂದು ಅಕ್ಕಪಕ್ಕದವರಿಗೆಲ್ಲ ತೋರಿಸಿದರು. ಕೆಲವು ದಿನ ಮಾರಿಕಾಂಬಾ ಗುಡಿಯವರೆಗೆ ಹೋಗಿ ಬಂದರು. ಆಮೇಲೆ ಅದು ಜಗಲಿಯ ಮೂಲೆ ಸೇರಿ, ಒದ್ದೆ ಟವೆಲ್ಲು ಒಣಗಿಸಲು ಅನುಕೂಲವಾಯಿತು. ನಾನು ಟವೆಲ್ಲು ತೆಗೆದು ಸಂಜೆ ಹೊತ್ತು ಓಡಿಸತೊಡಗಿದೆ. ಮೊದಲು ಓಣಿಯಲ್ಲಿ, ಆಮೇಲೆ ಬನವಾಸಿ ರಸ್ತೆಯಲ್ಲಿ. ಒಮ್ಮೆ ದಾಸನಕೊಪ್ಪದ ತನಕ ಹೋದಾಗ ಅಂಗಡಿಯ ಮುಂದೆ ಕೂತಿದ್ದ ಹಿರಿಯರೊಬ್ಬರು, "ಯಾಕ್ರೀ ಅಕ್ಕೋರ, ಬಸ್ಸು ತಪ್ಪಿತೇನ್ರಿ? ಬರ್ರಿ, ನೀರು ಕುಡೀರಿ" ಎಂದು ಕಕ್ಕುಲಾತಿಯಿಂದ ಕರೆದಿದ್ದರು. ನಮ್ಮ ಕಡೆ ಶಾಲೆಯ ಟೀಚರಿಗೆ ಅಕ್ಕೋರು ಎನ್ನುತ್ತಾರೆ. ಅಕ್ಕೋರು ಸೈಕಲ್ ತುಳಿಯಬೇಕಾದರೆ ಬಸ್ಸು ತಪ್ಪಿರಲೇಬೇಕು.

ಜುಬೇದಾ ನಮ್ಮದೇ ಶಾಲೆಯ ಹಿಂದಿ ಅಕ್ಕೋರು. ನನಗಿಂತ ನಾಲ್ಕಾರು ವರ್ಷ ಚಿಕ್ಕವಳು. ಸ್ಟಾಫ್ ರೂಮಿನಲ್ಲಿ ನಮ್ಮಿಬ್ಬರ ಕುರ್ಚಿ ಅಕ್ಕಪಕ್ಕ. ನನ್ನ ಕುರ್ಚಿ ಸದಾ ಖಾಲಿ ಇರುತ್ತಿದ್ದುದರಿಂದ ಅವಳು ಅದರ ಮೇಲೆ ಕಾಲು ಚಾಚುತ್ತಿದ್ದಳು. ನಮ್ಮ ಸ್ನೇಹ ಹಾಗೆ ಶುರುವಾದದ್ದು. ಅವಳು ಅಣ್ಣ ಕರೀಂ ಭಾಯಿಯ ಮನೆಯಲ್ಲಿದ್ದಳು. ಅವರದು ಲಾರಿ ವ್ಯವಹಾರ. ಮದುವೆ ಎಂದಾಗಲೆಲ್ಲ ಏನಾದರೂ ನೆಪ ಹೇಳಿ ಮೂವತ್ತೈದು ದಾಟಿಸಿದ್ದಳು. ಆ ವರ್ಷ ಯಲ್ಲಾಪುರದಿಂದ ಒಂದು ಸಂಬಂಧ ಬಂತು. ಇಸ್ಮಾಯಿಲ್ ಎಂದು ಹೆಸರು, ಟೈರ್ ಅಂಗಡಿ, ಮೊದಲ ಹೆಂಡತಿ ತೀರಿಕೊಂಡು ಕೆಲವು ವರ್ಷಗಳಾಗಿದ್ದವು, ಮಕ್ಕಳಿಲ್ಲ. ಜುಬೇದಾ ಹೂಂ ಎನ್ನಲಿಲ್ಲ, ಊಹೂಂ ಎನ್ನಲಿಲ್ಲ. ಸೋಮವಾರ ಅವರಿಗೆ ಉತ್ತರ ಹೇಳಬೇಕಿತ್ತು. ಅದರ ಹಿಂದಿನ ಶುಕ್ರವಾರ ಅವಳ ಅತ್ತಿಗೆ ಹಸೀನಾ ಭಾಭಿ ಶಾಲೆಯ ಗೇಟಿನ ಹತ್ತಿರ ನನ್ನನ್ನು ತಡೆದು ನಿಲ್ಲಿಸಿದರು.

"ನೀವೇ ಹೇಳ್ಬೇಕು ಅಕ್ಕೋರೆ. ನಮ್ಮ ಮಾತು ಕಿವಿಗೇ ಹಾಕ್ಕೊಳ್ಳೋದಿಲ್ಲ ಅವ್ಳು. ನೀವು ಹೇಳಿದ್ರೆ ಕೇಳ್ತಾಳೆ."

"ನೋಡ್ತೀನಿ" ಎಂದೆ. ಅವರು ನನ್ನ ಕೈಯನ್ನು ಎರಡೂ ಕೈಯಲ್ಲಿ ಹಿಡಿದುಕೊಂಡರು. ಹಾಗೆ ಹಿಡಿದುಕೊಂಡ ಮೇಲೆ "ನೋಡ್ತೀನಿ" ಎನ್ನುವುದಕ್ಕೆ ಅರ್ಥ ಉಳಿಯುವುದಿಲ್ಲ. "ಒಪ್ಪಿಸ್ತೀನಿ" ಎಂದುಬಿಟ್ಟೆ.

ಮನೆಗೆ ಬಂದ ಮೇಲೆ ನನಗೆ ಶುರುವಾದ ತಳಮಳ ಎಂಥದೆಂದರೆ, ಒಗ್ಗರಣೆ ಎರಡು ಸಲ ಸೀದುಹೋಯಿತು. ಇಂಥ ಮಾತನ್ನು ಸ್ಟಾಫ್ ರೂಮಿನಲ್ಲಿ ಆಡಲಾಗದು, ಅವರ ಮನೆಯಲ್ಲಂತೂ ಆಗದು. ಮಾರನೆಯ ದಿನ ಜುಬೇದಾಳಿಗೆ, "ಭಾನುವಾರ ಸೈಕಲ್ಲಲ್ಲಿ ಸಮುದ್ರಕ್ಕೆ ಹೋಗಿ ಬರೋಣ್ವಾ?" ಎಂದೆ. ನಕ್ಕು ಬೇಡ ಎನ್ನುತ್ತಾಳೆ, ಆಗ ಎಲ್ಲಾದರೂ ಹತ್ತಿರದ ಕೆರೆಗೆ ಕರೆದೊಯ್ಯೋಣ ಎಂದುಕೊಂಡಿದ್ದೆ. ಅವಳು ತಕ್ಷಣ, "ಹೋಗೋಣ. ನನ್ನ ಅಣ್ಣನ ಮಗನ ಸೈಕಲ್ ಇದೆ. ಸಂಜೆ ಕುಮಟಾದಿಂದ ನಮ್ಮ ಲಾರಿ ಬರುತ್ತೆ, ಸೈಕಲ್ ಅದ್ರಲ್ಲೇ ಹಾಕ್ಕೊಂಡು ವಾಪಸ್ ಬಂದ್ರಾಯ್ತು" ಎಂದಳು. ಇಷ್ಟು ಬೇಗ ಒಪ್ಪುವವಳು ಮದುವೆಗೇಕೆ ಒಪ್ಪುವುದಿಲ್ಲ ಎಂದು ನನಗೆ ಸೋಜಿಗವಾಯಿತು.

ಭಾನುವಾರ ಬೆಳಕು ಹರಿಯುವ ಮೊದಲೇ ಚೂಡಿದಾರ ತೊಟ್ಟು, ತೆಳ್ಳೇವು, ಅಂದರೆ ನಮ್ಮ ಕಡೆಯ ತೆಳು ದೋಸೆ, ತುಂಬಿದ ಡಬ್ಬಿಯನ್ನು ಸೈಕಲ್ಲಿಗೆ ಕಟ್ಟುತ್ತಿದ್ದಾಗ ಅತ್ತೆ ಎದ್ದು ಬಂದರು.

"ಸಮುದ್ರ ನೋಡಲೆ ಬಸ್ಸಲ್ಲಿ ಹೋದ್ರೆ ಆಗ್ತಿಲ್ಯನೆ?"

"ಆಗ್ತು ಅತ್ತೆ. ಆದ್ರೆ ಬಸ್ಸಲ್ಲಿ ಮಾತಾಡಲೆ ಆಗ್ತಿಲ್ಲೆ."

"ಸೈಕಲ್ಲಲ್ಲಿ ಒಬ್ಬಳ ಹಿಂದೆ ಒಬ್ಬಳು ಹೋಪವು, ನಿಂಗ ಎಂತ ಮಾತಾಡ್ತಿ?" ಎಂದು ಅವರು ಒಳಗೆ ಹೋದರು. ಅವರು ಹೇಳಿದ್ದು ಸರಿಯೆಂದು ಊರು ದಾಟುವಷ್ಟರಲ್ಲೇ ತಿಳಿಯಿತು. ನಾನು ಮುಂದೆ, ಅವಳು ಹಿಂದೆ. ನಾನು ತಿರುಗಿ ಏನಾದರೂ ಅಂದರೆ ಸೈಕಲ್ಲು ಚರಂಡಿಯ ಕಡೆಗೆ ತಿರುಗುತ್ತಿತ್ತು. ಜೊತೆಗೆ ಮಂಜು. ಏರಿನಲ್ಲಿ ಹಗುರಾಗಲೆಂದು ಗೇರು ಬದಲಿಸಿದರೆ ಕಾಲು ಗಾಳಿಯಲ್ಲಿ ತುಳಿದಂತಾಗಿ ಸೈಕಲ್ಲು ನಿಂತಲ್ಲೇ ನಿಂತಿರುತ್ತಿತ್ತು.

ರಾಗಿಹೊಸಳ್ಳಿಯಲ್ಲಿ ಚಹಾ ಕುಡಿಯಲು ಇಳಿದೆವು. ಇದೇ ಸಮಯವೆಂದು ಗಂಟಲು ಸರಿಮಾಡಿಕೊಂಡೆ. "ಜುಬೇದಾ, ಮನುಷ್ಯ ಅಂದ ಮೇಲೆ ಒಂದು ಆಸರೆ..." ಎನ್ನುವಷ್ಟರಲ್ಲಿ ಹೋಟೆಲಿನವರು ಬಂದು, "ಎಂತ ಅಕ್ಕೋರೆ, ಬಸ್ ತಪ್ಪಿಹೋಯ್ತಾ?" ಎಂದರು. ಬಸ್ಸು ತಪ್ಪಿಲ್ಲವೆಂದೂ, ನಮಗೆ ತಲೆ ಕೆಟ್ಟಿಲ್ಲವೆಂದೂ ಅವರಿಗೆ ಒಪ್ಪಿಸುವುದರಲ್ಲೇ ಚಹಾ ಮುಗಿಯಿತು. ಎರಡನೆಯದನ್ನು ಅವರು ಪೂರ್ತಿ ನಂಬಿದಂತೆ ಕಾಣಲಿಲ್ಲ.

ದೇವಿಮನೆ ಘಟ್ಟದಲ್ಲಿ ಮಾತಿನ ಪ್ರಶ್ನೆಯೇ ಇರಲಿಲ್ಲ. ಘಟ್ಟದ ತಲೆಯಲ್ಲಿ ದೇವರಿಗೆ ಕೈಮುಗಿದು ಹೊರಟದ್ದಷ್ಟೇ ನೆನಪು. ಜುಬೇದಾಳ ಸೈಕಲ್ಲಿನ ಬ್ರೇಕು ಹಂದಿ ಕಿರುಚಿದಂತೆ ಕಿರುಚುತ್ತಿತ್ತು, ಆದರೆ ಹಿಡಿಯುತ್ತಿತ್ತು. ನನ್ನದು ಸದ್ದಿಲ್ಲದೆ, ಹಿಡಿಯದೆ, ಸುಮ್ಮನೆ ಇತ್ತು. ಒಂದು ತಿರುವಿನಲ್ಲಿ ಎದುರಿಗೆ ಬಂದ ಲಾರಿಯ ಡ್ರೈವರು ಕಿಟಕಿಯಿಂದ ತಲೆ ಹೊರಹಾಕಿ, "ಜುಬೇದಾ ಅಕ್ಕಾ, ಭಾಯಿಗೆ ಗೊತ್ತಾ?" ಎಂದು ಕೂಗಿದ. ಹಿಂದಿನಿಂದ ಅವಳು ಏನು ಉತ್ತರ ಕೊಟ್ಟಳೋ ನನಗೆ ಕೇಳಲಿಲ್ಲ. ನಾನು ಆಗ ಎರಡೂ ಚಪ್ಪಲಿಗಳನ್ನು ರಸ್ತೆಗೆ ಒತ್ತಿ ಹಿಡಿದು, ಸೋಮವಾರದ ಉತ್ತರವನ್ನು ಹಸೀನಾ ಭಾಭಿಗೆ ಇನ್ನು ಯಾರು ಮುಟ್ಟಿಸುತ್ತಾರೆ ಎಂದು ಯೋಚಿಸುತ್ತಿದ್ದೆ. ಕತಗಾಲ ತಲುಪಿ ಸಮತಟ್ಟು ಸಿಕ್ಕಾಗ ಒಂದು ಚಪ್ಪಲಿಯ ಹಿಮ್ಮಡಿ ಸವೆದು ತೆಳುವಾಗಿತ್ತು. ಅಲ್ಲಿಂದ ಸೆಖೆ ಶುರುವಾಯಿತು. ಚೈನು ಬಿತ್ತು, ಹಾಕಿದೆವು, ಮತ್ತೆ ಬಿತ್ತು.

ಕುಮಟಾ ದಾಟಿ ಕಾಗಾಲದ ಕಡೆಗೆ ತಿರುಗಿ, ಜಂಬಿಟ್ಟಿಗೆ ಗುಡ್ಡವೊಂದನ್ನು ಸೈಕಲ್ ತಳ್ಳಿಕೊಂಡು ಹತ್ತಿದೆವು. ಗೇರುಮರಗಳ ನಡುವೆ ಕಾಲುದಾರಿಯಷ್ಟೇ ಇತ್ತು. ಬೆಟ್ಟ ಹತ್ತುವ ಸೈಕಲ್ಲು ಬೆಟ್ಟ ಹತ್ತಿದ್ದು ನನ್ನ ಭುಜದ ಬಲದಿಂದ. ಗುಡ್ಡ ಇಳಿದರೆ ಎರಡು ಬಂಡೆಗಳ ನಡುವೆ ಒಂದು ಸಣ್ಣ ಮರಳದಂಡೆ. ದೂರದಲ್ಲಿ ಒಬ್ಬ ಹೆಂಗಸು ಮೀನು ಒಣಹಾಕುತ್ತಿದ್ದುದು ಬಿಟ್ಟರೆ ನರಪಿಳ್ಳೆ ಇರಲಿಲ್ಲ. ಜುಬೇದಾ ಸೈಕಲ್ಲು ಮಲಗಿಸಿ, ಸೆರಗಿನಂತೆ ಸೊಂಟಕ್ಕೆ ಸುತ್ತಿದ್ದ ದುಪಟ್ಟಾ ಬಿಚ್ಚಿ, ಮೊಣಕಾಲಿನವರೆಗೆ ನೀರಿಗಿಳಿದು ನಿಂತಳು. ನಾನು ದಂಡೆಯ ಮೇಲೆ ಅತ್ತಿಂದಿತ್ತ ನಡೆದೆ. ಬೆಳಗಿನಿಂದ ಹೊತ್ತು ತಂದ ಮಾತು, ಇಲ್ಲಿಯವರೆಗೆ ಬಂದ ಮೇಲೆ, ಹೊರಗೆ ಬರಲು ಒಲ್ಲೆನೆನ್ನುತ್ತಿತ್ತು. ಅವಳು ಹೋದರೆ ನನ್ನ ಕುರ್ಚಿಯ ಮೇಲೆ ಕಾಲು ಚಾಚುವವರು ಯಾರು? ನಾನು ಯಾರ ಸುತ್ತ ಸುತ್ತುತ್ತ ಮಾತಾಡಲಿ? ಹೀಗೆಲ್ಲ ಅನ್ನಿಸಿ, ಎಲ್ಲಿ ಅಳು ಬರುತ್ತದೋ ಎಂದು ತೆಳ್ಳೇವಿನ ಡಬ್ಬಿ ಬಿಚ್ಚಿದೆ. ಇಬ್ಬರೂ ಬಂಡೆಯ ನೆರಳಿನಲ್ಲಿ ತಿಂದೆವು.

"ಜುಬೇದಾ, ಯಲ್ಲಾಪುರದವರ ವಿಷಯ..." ಎಂದೆ ಕೊನೆಗೆ.

"ಒಪ್ಪಿದೀನಿ" ಎಂದಳು ಅವಳು, ಬೆಲ್ಲ ಸವರಿಕೊಳ್ಳುತ್ತ. "ಗುರುವಾರಾನೇ ಎಸ್‌ಟಿಡಿ ಬೂತಿಂದ ಅವರಿಗೆ ಫೋನ್ ಮಾಡಿ ಮಾತಾಡ್ದೆ. ಕೆಲಸ ಬಿಡೋದಿಲ್ಲ, ವರ್ಗ ಸಿಗೋವರೆಗೆ ದಿನಾ ಬಸ್ಸಲ್ಲಿ ಓಡಾಡ್ತೀನಿ ಅಂದೆ. ಅವರು, ಹಾಗಾದ್ರೆ ಬೆಳಿಗ್ಗೆ ಸ್ಟ್ಯಾಂಡಿಗೆ ನಾನೇ ಬಿಡ್ತೀನಿ ಅಂದ್ರು. ಅಷ್ಟು ಸಾಕು ಅನ್ನಿಸ್ತು."

ನನ್ನ ಕೆಲಸ ಮುಗಿದಿತ್ತು. ಸಂತೋಷ ಎಂದು ಹೇಳಿ ಕೈಯೊರೆಸಿಕೊಳ್ಳಬೇಕಿತ್ತು. ಬದಲಿಗೆ ನನ್ನ ಬಾಯಿಂದ ಬಂದದ್ದು, "ಟೈರ್ ಅಂಗಡಿ ಅಂದ್ರೆ ಮನೆ ತುಂಬ ರಬ್ಬರ್ ವಾಸನೆ ಇರುತ್ತೆ, ಯೋಚನೆ ಮಾಡಿದೀಯಾ?"

"ಲಾರಿ ಮನೇಲಿ ಹುಟ್ಟಿದವಳಿಗೆ ರಬ್ಬರ್ ವಾಸನೆ ಹೇಳ್ತೀಯಲ್ಲೇ."

"ಅಲ್ಲ, ಯಲ್ಲಾಪುರದಲ್ಲಿ ಮಳೆ ಬಹಳ."

"ಶಿರಸೀಲಿ ಕಡಿಮೆನಾ?"

"ಅಷ್ಟು ದೂರ ಹೋಗಿ ಒಬ್ಬಳೇ ಹೇಗಿರ್ತೀಯ?"

ಜುಬೇದಾ ಕೈಯಲ್ಲಿದ್ದ ತೆಳ್ಳೇವನ್ನು ಡಬ್ಬಿಯಲ್ಲಿಟ್ಟು ನನ್ನನ್ನೇ ನೋಡಿದಳು. "ಸಾವಿತ್ರಿ, ನೀನು ನನ್ನ ಒಪ್ಸೋಕೆ ಬಂದಿದ್ದಾ, ತಪ್ಸೋಕೆ ಬಂದಿದ್ದಾ? ಭಾಭಿ ನಿಂಗೆ ಹೇಳಿ ಕಳ್ಸಿದಾಳೆ ಅಂತ ನಂಗೆ ಗೊತ್ತಿಲ್ವಾ? ಯಲ್ಲಾಪುರ ಈ ಸಮುದ್ರಕ್ಕಿಂತ ಹತ್ರ ಇದೆ. ಮಧ್ಯ ಇಂಥ ಘಟ್ಟಾನೂ ಇಲ್ಲ."

ಕಣ್ಣಿಗೆ ಮರಳು ಬಿದ್ದಿದೆ ಎಂದು ಹೇಳಲು ಗಾಳಿಯೂ ಬೀಸುತ್ತಿರಲಿಲ್ಲ. ಅವಳು ಹತ್ತಿರ ಸರಿದು ಕೂತಳು. ಅವಳ ಕಣ್ಣೂ ನೆಟ್ಟಗಿರಲಿಲ್ಲ. ಎಷ್ಟು ಹೊತ್ತು ಕೂತಿದ್ದೆವೋ. ಅಷ್ಟು ಹೊತ್ತು ಒಂದೇ ಕಡೆ ನಾನು ಅದಕ್ಕೆ ಮೊದಲು ಕೂತಿದ್ದಿಲ್ಲ.

ಏಳುವಾಗ ಅವಳು ಹೇಳಿದಳು: "ನೋಡು, ನಾನೇ ಫೋನ್ ಮಾಡಿ ಗಂಡಸಿನ ಜೊತೆ ಮಾತಾಡಿ ನಿಶ್ಚಯ ಮಾಡ್ಕೊಂಡೆ ಅಂತ ಅಣ್ಣನ ಮುಂದೆ ಹೇಳೋಕಾಗುತ್ತಾ? ನೀನು ದಿನವಿಡೀ ಬುದ್ಧಿ ಹೇಳಿ ಒಪ್ಪಿಸಿದೆ ಅಂತ ಹೇಳ್ತೀನಿ. ಸಮುದ್ರ ಅಂದ ಕೂಡ್ಲೇ ನಾನು ಹೂಂ ಅಂದಿದ್ದು ಅದಕ್ಕೇ."

ಅಂದರೆ ನಾನು ಅವಳನ್ನು ಕರೆದುಕೊಂಡು ಬಂದಿರಲಿಲ್ಲ. ಅವಳು ನನ್ನನ್ನು ಕರೆದುಕೊಂಡು ಬಂದಿದ್ದಳು.

ಸಂಜೆ ಕುಮಟಾದಲ್ಲಿ ಸೈಕಲ್ಲುಗಳನ್ನು ಲಾರಿಯಲ್ಲಿ ಉಪ್ಪಿನ ಚೀಲಗಳ ಮೇಲೆ ಮಲಗಿಸಿ, ನಾವು ಡ್ರೈವರಿನ ಪಕ್ಕ ಕೂತು ಘಟ್ಟ ಹತ್ತಿದೆವು. ಮೈಯ ಒಂದೊಂದು ಕೀಲೂ ಬೇರೆ ಬೇರೆಯಾಗಿ ನೋಯುತ್ತಿತ್ತು. ಕರೀಂ ಭಾಯಿಯ ಮನೆಯ ಮುಂದೆ ಲಾರಿ ನಿಂತಾಗ ಹಸೀನಾ ಭಾಭಿ ಬಾಗಿಲಲ್ಲೇ ಇದ್ದರು. ಜುಬೇದಾ ತಲೆ ತಗ್ಗಿಸಿ, ನಾನು ಅವಳಲ್ಲಿ ಎಂದೂ ಕಾಣದ ನಾಚಿಕೆಯಿಂದ, "ಸಾವಿತ್ರಿ ಇಷ್ಟೆಲ್ಲ ಹೇಳಿದ ಮೇಲೆ ಇಲ್ಲ ಅನ್ನೋಕೆ ಮನಸ್ಸು ಬರ್ಲಿಲ್ಲ ಭಾಭಿ" ಎಂದು ಒಳಗೆ ಹೋದಳು. ಭಾಭಿ ನನ್ನ ಕೈಯನ್ನು ಮತ್ತೆ ಎರಡೂ ಕೈಯಲ್ಲಿ ಹಿಡಿದುಕೊಂಡರು.

ಮದುವೆಯಲ್ಲಿ ನನಗೆ ನೆಂಟರಿಗಿಂತ ಹೆಚ್ಚು ಮರ್ಯಾದೆ. ನಮಗಾಗಿ ಬೇರೆಯೇ ಮಾಡಿಸಿದ್ದ ಅಡುಗೆ, ಮುಂದಿನ ಸಾಲಿನ ಕುರ್ಚಿ. "ಇವರೇ ಆ ಅಕ್ಕೋರು" ಎಂದು ಭಾಭಿ ಯಲ್ಲಾಪುರದವರಿಗೆಲ್ಲ ತೋರಿಸಿದರು. ಇಸ್ಮಾಯಿಲ್ ಒಳ್ಳೆಯ ಮನುಷ್ಯ, ಮೆತ್ತಗೆ ಮಾತಾಡುವವರು. ಜುಬೇದಾ ಹೇಳಿಕೊಟ್ಟದ್ದನ್ನು ಚೆನ್ನಾಗಿ ಬಾಯಿಪಾಠ ಮಾಡಿದ್ದರೆಂದು ಕಾಣುತ್ತದೆ. ನನ್ನ ಹತ್ತಿರ ಬಂದು, ಕರೀಂ ಭಾಯಿಗೂ ಕೇಳುವಂತೆ, "ನೀವು ಅಷ್ಟು ಪ್ರಯತ್ನ ಮಾಡದೇ ಇದ್ದಿದ್ರೆ ಈ ಮದುವೆ ಆಗ್ತಿರ್ಲಿಲ್ಲ ಅಕ್ಕೋರೆ. ಬಹಳ ಕಷ್ಟ ಆಯ್ತಾ?" ಎಂದರು.

ಅವರ ಅಂಗಡಿಯ ವಾಸನೆಯನ್ನೂ ಅವರ ಊರಿನ ಮಳೆಯನ್ನೂ ಅಷ್ಟೊಂದು ಆಡಿಕೊಂಡಿದ್ದ ನಾನು ಗಂಭೀರವಾಗಿ, "ಕಷ್ಟ ಆಯ್ತು. ಆದ್ರೆ ನಾನು ಬಿಡ್ಲಿಲ್ಲ" ಎಂದು ಹೇಳಿ, ಇನ್ನೊಂದು ಸೌಟು ಶಾವಿಗೆ ಪಾಯಸ ಹಾಕಿಸಿಕೊಂಡೆ.