ಹುಣಸೇಮರದ ಎದುರು ಮನೆ

ಮಸ್ಕತ್ತಿನಲ್ಲಿ ಹನ್ನೊಂದು ವರ್ಷ ಟ್ಯಾಂಕರ್ ಓಡಿಸಿದವನಿಗೆ ಒಂದು ಕಾಗದ ಮಾಡಿಸುವುದು ಯಾವ ಲೆಕ್ಕ, ಮಧ್ಯಾಹ್ನದ ಊಟಕ್ಕೆ ಬಂದುಬಿಡುತ್ತೇನೆ ಎಂದು ಅಜ್ಮತ್ ಉಲ್ಲಾ ಬೆಳ್ಳೂರಿನ ಮನೆಯಿಂದ ಮೀಸೆ ತಿರುವಿಕೊಂಡು ಹೊರಟ. ಯಾವ ದಿನದ ಊಟಕ್ಕೆ ಎಂದು ಹೆಂಡತಿ ರೆಹಮತುನ್ನೀಸಾ ಕೇಳಲಿಲ್ಲ. ಕೇಳಬೇಕಿತ್ತು.

ಕಾಗದದ ಕಥೆ ಇಷ್ಟು. ತೊಂಬತ್ತಾರರ ಬೇಸಿಗೆಯಲ್ಲಿ ಮಸ್ಕತ್ತಿನ ಬ್ಯಾಂಕು ಹೊರದೇಶದ ಖಾತೆದಾರರಿಗೆಲ್ಲ ಪತ್ರ ಬರೆದಿತ್ತು. ನಿಮ್ಮೂರಿನ ವಿಳಾಸ ನಿಜವೆಂದು ಅಲ್ಲಿನ ಅಧಿಕಾರಿಯಿಂದ ಬರೆಸಿ ತನ್ನಿ, ಅದು ಪಾಸ್‌ಪೋರ್ಟಿಗೆ ತಾಳೆಯಾಗಬೇಕು, ಇಲ್ಲದಿದ್ದರೆ ಖಾತೆಗೆ ಬೀಗ! ಮಗಳು ಮಹ್ವಿಶ್ ಮದುವೆಗೆಂದು ಕೂಡಿಟ್ಟದ್ದೆಲ್ಲ ಆ ಖಾತೆಯಲ್ಲೇ ಇತ್ತು. ರಜೆ ಉಳಿದಿದ್ದದ್ದು ಹದಿನೆಂಟು ದಿನ.

ಗ್ರಾಮ ಲೆಕ್ಕಿಗ ಸೋಮಯ್ಯ ಒಳ್ಳೆಯ ಮನುಷ್ಯ. ಅದೇ ತೊಂದರೆ. ಕಾಸು ಮುಟ್ಟುವುದಿಲ್ಲ, ಕಣ್ಣಾರೆ ಕಾಣದ್ದನ್ನು ಬರೆಯುವುದಿಲ್ಲ. ಮೂರು ದಿನ ನಾಗಮಂಗಲದ ಮೀಟಿಂಗಿನಲ್ಲಿದ್ದು, ನಾಲ್ಕನೇ ದಿನ ಮನೆಗೇ ಬಂದು ಪಾಸ್‌ಪೋರ್ಟ್ ಬಿಡಿಸಿ ಓದಿದ. ವಿಳಾಸ: ಹುಣಸೇಮರದ ಎದುರು, ಬೆಳ್ಳೂರು. ಕನ್ನಡಕ ಒರೆಸಿಕೊಂಡು ರಸ್ತೆಯಾಚೆ ನೋಡಿದ.

"ಮರ ಎಲ್ಲಿ ಸಾಬ್ರೇ?"

ಮರ ಇದ್ದದ್ದು ಅಜ್ಮತ್‌ನದೇ ಖಾಲಿ ಜಾಗದಲ್ಲಿ. ಮಸ್ಕತ್ತಿನ ದುಡ್ಡಲ್ಲಿ ಕಟ್ಟಿದ ತಾರಸಿ ಮನೆ ಆಚೆಯ ಹೆದ್ದಾರಿಯಲ್ಲಿ ಬಸ್ಸಿನಲ್ಲಿ ಹೋಗುವವರಿಗೆ ಕಾಣುವುದಿಲ್ಲವೆಂದು ಎರಡು ವರ್ಷದ ಹಿಂದೆ ತಾನೇ ನಿಂತು ಕಡಿಸಿದ್ದ.

ಪಾಸ್‌ಪೋರ್ಟ್ ತಿದ್ದಿಸೋಣವೆಂದರೆ ಬೆಂಗಳೂರು, ಮೂರು ತಿಂಗಳು. ಮಾರನೆಯ ದಿನ ಮೊಳಕಾಲುದ್ದದ ಹುಣಸೆ ಸಸಿ ತಂದು ನೆಟ್ಟ. ಸೋಮಯ್ಯ ಬಗ್ಗಿ ನೋಡಿ, ಇದನ್ನು ಮರವೆಂದು ಬರೆದರೆ ನನ್ನ ಪಿಂಚಣಿಗೆ ಕುತ್ತು ಎಂದ. ಉಳಿದದ್ದು ಮಹಜರು ಒಂದೇ. ಇಲ್ಲಿ ಮರ ಇತ್ತೆಂದು ಬೀದಿಯ ಐವರು ಸಾಕ್ಷಿ ಹಾಕಬೇಕು.

ಆ ಐವರೂ ಅದೇ ಮರದಡಿ ಕೂರುತ್ತಿದ್ದವರು, ಕಡಿಯಬೇಡವೆಂದು ಗೋಗರೆದವರು. ನೆರಳು ಬೇಕಾದರೆ ನೀವೂ ತಾರಸಿ ಕಟ್ಟಿಸಿಕೊಳ್ಳಿ ಎಂದು ಅಜ್ಮತ್ ಅವತ್ತು ಗದರಿದ್ದ. ಈಗ ಮನೆಮನೆ ಸುತ್ತಿ ಚಪ್ಪಲಿ ಸವೆದು, ಕೊನೆಗೆ ದೊಡ್ಡತಾಯಮ್ಮನ ಮುಂದೆ ಕುಕ್ಕರಗಾಲಲ್ಲಿ ಕೂತ. ಮರದ ನೆರಳಲ್ಲಿ ಸೊಪ್ಪು ಮಾರುತ್ತಿದ್ದವಳು ಈಗ ತಲೆಗೆ ಒದ್ದೆ ಬಟ್ಟೆ ಹಾಕಿಕೊಂಡು ಬಿಸಿಲಲ್ಲೇ ಕೂತಿದ್ದಳು. ಇಲ್ಲಿ ಮರ ಇತ್ತು ಅಂತ ಒಂದು ಹೆಬ್ಬೆಟ್ಟು ಒತ್ತವ್ವ ಎಂದ.

"ನೆಳ್ಳು ಕೊಡೋ ಮರ ಕಣಪ್ಪ, ಕಡೀಬ್ಯಾಡ ಅಂತ ಅವತ್ತು ಬಾಯಿ ಬಡ್ಕಂಡೆ. ಅವತ್ತು ಇದ್ದ ಮರ ನಿಂಗೆ ಕಾಣ್ನಿಲ್ಲ. ಇವತ್ತು ಇಲ್ದೇ ಇರೋ ಮರ ಕಾಣ್ತಾ ಅದಾ?"

ಅಜ್ಮತ್‌ಗೆ ನಿಜಕ್ಕೂ ನಾಚಿಕೆಯಾಯಿತು. ತಪ್ಪಾಯ್ತು ಎಂದ. ಮುದುಕಿ ಹೆಬ್ಬೆಟ್ಟು ಒತ್ತಿದಳು, ಒಂದೇ ಷರತ್ತು: ನಡೆದದ್ದು ನಡೆದ ಹಾಗೇ ಬರೆಯಬೇಕು. ಉಳಿದ ನಾಲ್ವರೂ ಅದನ್ನೇ ಹಿಡಿದರು. ಸೋಮಯ್ಯನಿಗಂತೂ ಇದು ಹಾಲನ್ನ. ನಾಗಮಂಗಲದ ಟೈಪಿಂಗ್ ಅಂಗಡಿಯಲ್ಲಿ ಮಹಜರು ಇಂಗ್ಲಿಷಾಯಿತು, ಮೇಲೆ ತಹಸೀಲ್ದಾರರ ಸೀಲು ಬಿತ್ತು. ರಜೆ ಎರಡು ದಿನ ಉಳಿದಿತ್ತು. ಅಜ್ಮತ್ ಅವೆರಡೂ ದಿನ ಮಲಗಿಯೇ ಕಳೆದ.

ಖಾತೆ ಉಳಿಯಿತು. ಮುಂದಿನ ತಿಂಗಳು ಬ್ಯಾಂಕಿನ ಮೊದಲ ಪತ್ರ ಬೆಳ್ಳೂರಿಗೆ ಬಂತು. ಅವನು ಮಸ್ಕತ್ತಿನಿಂದ ಫೋನು ಮಾಡಿದಾಗ ಮಹ್ವಿಶ್ ಲಕೋಟೆಯ ಮೇಲಿನ ಇಂಗ್ಲಿಷನ್ನು ಬಿಡಿಸಿ ಓದಿದಳು: "ಅಜ್ಮತ್ ಉಲ್ಲಾ, ಎದುರಿನ ಹುಣಸೇಮರವನ್ನು ತಾನೇ ಕಡಿಸಿದವರ ಮನೆ, ಬೆಳ್ಳೂರು. ಅಬ್ಬಾಜಾನ್, ವಿಳಾಸ ತಪ್ಪಿದ್ರೆ ತಿದ್ದುಪಡಿಗೆ ಅರ್ಜಿ ಹಾಕಿ ಅಂತ ಕೆಳಗೆ ಬರ್ದವ್ರೆ."

ಅಜ್ಮತ್ ವಿಳಾಸವನ್ನು ಇನ್ನೊಮ್ಮೆ ಓದಿಸಿ ಕೇಳಿದ.

"ಬ್ಯಾಡ ಬುಡು ಮಗಾ. ಸರಿಯಾಗೇ ಅದೆ."